ತೆರೆದ ಕಪಾಟೂ ಮರೆಯದ ಯಂತ್ರವೂ

ಇಂಗ್ಲೆಂಡಿನ ಹೆರಿಫರ್ಡ್ ಪಟ್ಟಣದ ಪ್ರಧಾನ ಇಗರ್ಜಿಯಲ್ಲಿ ಇಂದಿಗೂ ಒಂದು ಪ್ರಾಚೀನ ಪುಸ್ತಕಭಂಡಾರವುಂಟು. ಅಲ್ಲಿಯ ಗ್ರಂಥಗಳು ಕಬ್ಬಿಣದ ಸರಪಳಿಗಳಿಂದ ಕಪಾಟಿನ ಸರಳುಗಳಿಗೆ ಬಿಗಿಯಲ್ಪಟ್ಟಿವೆ. ಸರಪಳಿಯ ಕೊಂಡಿಯನ್ನು ಗ್ರಂಥದ ಬೆನ್ನಿಗೆ ಹಾಕದೆ ಮುಂದಣ ರಟ್ಟಿನ ಅಂಚಿಗೆ ಹಾಕಿರುವುದರಿಂದ ಅವು ನೋಡುವವರ ಕಡೆಗೆ ಬೆನ್ನು ಮಾಡದೆ ಹಾಳೆಗಳ ಅಂಚನ್ನು ಮಾಡಿ ನಿಂತಿವೆ. ಓದುವವನು ಬೇಕಾದುದನ್ನು ಇಳಿಸಿಕೊಂಡು ಎದುರಿನ ಹಲಗೆಯ ಮೇಲೆ ತೆರೆದು ಓದಬಹುದು, ಆದರೆ ನಾಲ್ಕು ಹೆಜ್ಜೆ ಆಚೆಗೆ ಒಯ್ಯಲಾರನು. ಒಂದೊಂದು ಗ್ರಂಥವನ್ನೂ ಕೈಯಿಂದ ಬರೆದು ಪ್ರತಿಮಾಡಲು ತಿಂಗಳುಗಟ್ಟಲೆ ಶ್ರಮಿಸಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿಯಾದುದರಿಂದ ಅದನ್ನು ಏರ್ಪಡಿಸಿದವರ ಮೇಲೆ ನಾವು ಕೋಪಗೊಳ್ಳುವುದು ಉಚಿತವಲ್ಲ. ಆದರೆ ಮುದ್ರಣಯಂತ್ರವು ಬಂದು ಪುಸ್ತಕವು ಸುಲಭವಾದ ಮೇಲೂ ಸರಪಳಿಯ ಮನೋಧರ್ಮವು ಬಹುಕಾಲ ಉಳಿಯಿತು. 1931ರಲ್ಲಿ ಪ್ರಕಟವಾದ, ಗ್ರಂಥಾಲಯಶಾಸ್ತ್ರದ ತಮ್ಮ ಪಂಚಸೂತ್ರಗಳ ಗ್ರಂಥದಲ್ಲಿ ಎಸ್. ಆರ್. ರಂಗನಾಥನ್ ಅವರು, ಪುಸ್ತಕವಿರುವುದು ಬಳಕೆಗಾಗಿಯೇ ಎಂಬ ಮೊದಲನೆಯ ಸೂತ್ರವನ್ನು ವಿವರಿಸುವಾಗ ಈ ಸರಪಳಿಯ ಪ್ರಸಂಗವನ್ನು ಎತ್ತಿಕೊಂಡುದು ಅಕಾರಣವಾಗಿ ಅಲ್ಲ.

ಶಾಲೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಹತ್ತು ಜನರ ಕೈಗೆ ಕೊಟ್ಟಿರುವ ಗಣಕಯಂತ್ರಗಳ ರಕ್ಷಣೆಯು ಇಷ್ಟೊಂದು ದುರ್ಬಲವಾಗಿ ಬೆಳೆದುಬಂದುದು ಹೇಗೆ ಎಂಬುದನ್ನು ಹೇಳಹೊರಟಿರುವ ನಾನು ಸರಪಳಿಯ ಪುಸ್ತಕದಿಂದ ಪ್ರಾರಂಭಿಸಿದುದಕ್ಕೆ ಕಾರಣವಿದೆ. ಸಾರ್ವಜನಿಕ ವಸ್ತುವೊಂದನ್ನು ಬಿಗಿಯದೆಯೂ ಕಳೆದುಕೊಳ್ಳದೆಯೂ ಜನರ ಕೈಗೊಪ್ಪಿಸುವ ವಿದ್ಯೆಯನ್ನು ಗ್ರಂಥಾಲಯಗಳು ಶತಮಾನಗಳ ಪ್ರಯಾಸದಿಂದ ಕಲಿತಿದ್ದುವು. ಆದರೆ ಪುಸ್ತಕದ ಕಪಾಟಿನ ಪಕ್ಕದಲ್ಲಿಯೇ ಗಣಕಯಂತ್ರವನ್ನು ತಂದು ಇಟ್ಟಾಗ, ಆ ವಿದ್ಯೆಯು ನಡುವಣ ಮೂರಡಿಯ ಅಂತರವನ್ನು ದಾಟಿಬರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಓದುಗನು ಪುಸ್ತಕವನ್ನು ಕಣ್ಣಿನಿಂದ ಕಾಣುವಂತೆಯೇ ಇರಲಿಲ್ಲ. ಸೂಚಿಯಲ್ಲಿ ಪುಸ್ತಕದ ಸಂಖ್ಯೆಯನ್ನು ಹುಡುಕಿ, ಆ ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ಎಂಬುದನ್ನು ಬಣ್ಣದಿಂದ ತಿಳಿಸುವ ದೊಡ್ಡದೊಂದು ಹಲಗೆಯನ್ನು ನೋಡಿ, ಕಟಕಟೆಯ ಆಚೆಗಿದ್ದ ಗುಮಾಸ್ತನನ್ನು ಬೇಡಬೇಕಾಗಿತ್ತು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಗ್ರಂಥಾಲಯದಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬ ಗ್ರಂಥಪಾಲಕನು ಈ ಕಟಕಟೆಯನ್ನು ಮುರಿದು, ಓದುಗರನ್ನು ಕಪಾಟುಗಳ ನಡುವೆ ಬಿಟ್ಟನು. ವೃತ್ತಿಬಾಂಧವರು ಅವನ ಮೇಲೆ ಹರಿಹಾಯ್ದರು. ಪುಸ್ತಕಗಳೆಲ್ಲ ಕಳವಾಗಿ ಹೋಗುವುವೆಂದು ಭವಿಷ್ಯ ನುಡಿದರು. ಬ್ರೌನನಾದರೋ ಬರಿಯ ಉದಾರಿಯಾಗಿರಲಿಲ್ಲ. ಅವನು ತನ್ನ ಪದ್ಧತಿಯನ್ನು ಸುರಕ್ಷಿತವಾದ ಮುಕ್ತಪ್ರವೇಶವೆಂದೇ ಕರೆದು, ಒಳಗೆ ಬರುವುದಕ್ಕೊಂದು, ಹೊರಗೆ ಹೋಗುವುದಕ್ಕೊಂದು ಕಿರುಬಾಗಿಲನ್ನಿರಿಸಿದನು. ಎರಡನ್ನೂ ಕಾಯುವ ಸಹಾಯಕನು ತನ್ನ ಸ್ಥಾನದಿಂದಲೇ ಅವುಗಳನ್ನು ಬಿಡುವನು. ಬಾಗಿಲಿನಲ್ಲಿ ಲೆಕ್ಕ ಸರಿಯಾಯಿತೆಂದರೆ ಒಳಗೆ ಓದುಗನಿಗೆ ಪೂರ್ಣ ಸ್ವಾತಂತ್ರ್ಯ. ಅವನು ಯಾವ ಪುಸ್ತಕವನ್ನು ಮುಟ್ಟಿದನು, ಯಾವುದನ್ನು ಅರ್ಧ ಓದಿ ಮರಳಿ ಇಟ್ಟನು ಎಂದು ಹಿಂದೆ ನಿಂತು ನೋಡುವವರಿಲ್ಲ. ರಕ್ಷಣೆಯು ಓದುಗನ ಮೇಲಣ ಸಂಶಯದಲ್ಲಿರದೆ ಕಟ್ಟಡದ ಏರ್ಪಾಡಿನಲ್ಲಿಯೇ ಇತ್ತು. ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಇದಕ್ಕೆ ಜೋಡಿಯಾದ ಇನ್ನೊಂದು ಏರ್ಪಾಡನ್ನು ನಮ್ಮ ನಾಡಿನ ಗ್ರಂಥಾಲಯಗಳಿಗೆ ಹೋಗಿ ಬೆಳೆದವರೆಲ್ಲರೂ ಬಲ್ಲರು. ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ ಅವರ ಹೆಸರಿನಿಂದ ಪ್ರಸಿದ್ಧವಾದ ಬ್ರೌನ್ ಪದ್ಧತಿಯಲ್ಲಿ ಸದಸ್ಯನಿಗೆ ಸಣ್ಣ ಚೀಲದಂತಿರುವ ಟಿಕೆಟ್ಟುಗಳನ್ನು ಕೊಡುತ್ತಾರೆ; ಪುಸ್ತಕದೊಳಗೆ ಅದರ ಕಾರ್ಡು ಇರುತ್ತದೆ. ಪುಸ್ತಕವನ್ನು ಎರವಲು ಕೊಡುವಾಗ ಕಾರ್ಡನ್ನು ಟಿಕೆಟ್ಟಿನ ಚೀಲದೊಳಕ್ಕೆ ಸೇರಿಸಿ, ಹಿಂದಿರುಗಿಸಬೇಕಾದ ದಿನದ ಕ್ರಮದಲ್ಲಿ ಮರದ ತಟ್ಟೆಯಲ್ಲಿ ನಿಲ್ಲಿಸುತ್ತಾರೆ. ಪುಸ್ತಕ ಬಂದೊಡನೆ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗನಿಗೆ. ಈ ಎರಡೂ ಬೇರ್ಪಟ್ಟ ಕ್ಷಣದಲ್ಲಿ ಯಾರು ಯಾವ ಪುಸ್ತಕವನ್ನು ಓದಿದರೆಂಬ ಸಂಬಂಧವು ಲೋಕದಿಂದ ಅಳಿಸಿಹೋಗುವುದು. ಉಳಿಯುವುದು ಪುಸ್ತಕಕ್ಕಂಟಿಸಿದ ಚೀಟಿಯ ಮೇಲಣ ತಾರೀಖು ಮಾತ್ರ. ಬೇಕಾದಷ್ಟು ಕಾಲ ನೆನಪಿಟ್ಟುಕೊಂಡು, ಕೆಲಸ ತೀರಿದೊಡನೆ ಮರೆತುಬಿಡುವ ಈ ಸದ್ಗುಣವನ್ನು ಯಾರೂ ತತ್ತ್ವವಾಗಿ ಉಪದೇಶಿಸಿದಂತೆ ತೋರುವುದಿಲ್ಲ. ಕಾಗದವೂ ಮರವೂ ಕೂಡಿ ಸಹಜವಾಗಿಯೇ ಅದನ್ನು ಪಾಲಿಸಿದುವು.

ಹೀಗಿರಲು, ಇಪ್ಪತ್ತನೆಯ ಶತಮಾನದ ಆರನೆಯ ದಶಕ ಕಳೆದ ಮೇಲೆ, ಅನೇಕರು ಏಕಕಾಲದಲ್ಲಿ ಬಳಸುವ ಗಣಕಯಂತ್ರಗಳು ಅಮೆರಿಕದ ವಿದ್ಯಾಲಯಗಳಲ್ಲಿ ಕಾಣಿಸಿಕೊಂಡುವು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ಮುಂದಾಳುತನದಲ್ಲಿ 1961ರ ನವೆಂಬರಿನಲ್ಲಿ ಮೊದಲು ಪ್ರದರ್ಶಿತವಾದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ, ಒಬ್ಬರ ಕಡತವು ಮತ್ತೊಬ್ಬರ ಕೈಗೆ ಸಿಕ್ಕದಂತೆ ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ನಿಯಮಿಸಿದರು. ಇಂದು ಮಕ್ಕಳ ಬಾಯಲ್ಲಿಯೂ ಆಡುವ ಪಾಸ್‌ವರ್ಡ್ ಗಣಕಲೋಕಕ್ಕೆ ಕಾಲಿಟ್ಟದ್ದು ಹೀಗೆ, ಒಂದು ವಿದ್ಯಾಲಯದ ಹಂಚಿಕೆಯ ಯಂತ್ರದಲ್ಲಿ. ವರ್ಷ ತುಂಬುವುದರೊಳಗಾಗಿ ಅದು ಮುರಿಯಿತು. ವಾರಕ್ಕೆ ತನಗೆ ಗೊತ್ತುಮಾಡಿದ ನಾಲ್ಕು ಗಂಟೆಗಳ ಕಾಲವು ಸಾಲದೆ ಬಂದುದರಿಂದ ಅಲೆನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಯು 1962ರಲ್ಲಿ, ಗುಪ್ತಪದಗಳ ಕಡತವನ್ನೇ ಅಚ್ಚು ಹಾಕಿ ಕೊಡೆಂದು ರಂಧ್ರಪತ್ರದ ಮೂಲಕ ಯಂತ್ರವನ್ನು ಕೇಳಿಕೊಂಡನು. ಯಂತ್ರವು ವಿನಯದಿಂದ ಕೊಟ್ಟಿತು. ಆತನು ಈ ಸಂಗತಿಯನ್ನು ಒಪ್ಪಿಕೊಂಡದ್ದು ಕಾಲು ಶತಮಾನದ ತರುವಾಯ. 1966ರಲ್ಲಿ ನಡೆದುದು ಇನ್ನೂ ವಿಚಿತ್ರ: ಒಬ್ಬನು ಅಂದಿನ ಪ್ರಕಟಣೆಯನ್ನೂ ಮತ್ತೊಬ್ಬನು ಗುಪ್ತಪದಗಳ ಪಟ್ಟಿಯನ್ನೂ ಒಂದೇ ಹೊತ್ತಿನಲ್ಲಿ ತಿದ್ದುತ್ತಿರಲಾಗಿ, ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ದಿನದ ಪ್ರಕಟಣೆಯ ಸ್ಥಾನದಲ್ಲಿ ಎಲ್ಲರ ಗುಪ್ತಪದಗಳೂ ಅಚ್ಚಾಗಿ ಬಂದುವು.

ಇದೇ ಕಾಲದಲ್ಲಿ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಗಣಿತಜ್ಞರು, ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್, ಬೇರೆಯೇ ಒಂದು ಕನಸನ್ನು ಕಂಡಿದ್ದರು. 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ಅವರ ಬೇಸಿಕ್ ಭಾಷೆಯ ಮೊದಲ ಕ್ರಮವಿಧಿಯು ಓಡಿತು. 1966ರಲ್ಲಿ ಕೀವಿಟ್ ಗಣನಕೇಂದ್ರದ ಬಾಗಿಲು ತೆರೆಯಿತು. ಈ ಕೇಂದ್ರಕ್ಕೆ ಅವರು ಆರಿಸಿಕೊಂಡ ಉಪಮಾನವು ನನ್ನ ಮನಸ್ಸನ್ನು ಇಂದಿಗೂ ಮುಟ್ಟುತ್ತದೆ: ಅದು ತೆರೆದ ಕಪಾಟಿನ ಗ್ರಂಥಾಲಯ. ವಿದ್ಯಾರ್ಥಿಯು ಗ್ರಂಥಾಲಯಕ್ಕೆ ಹೋಗಿ, ಯಾವ ಪುಸ್ತಕ ಏತಕ್ಕೆ ಎಂದು ಯಾರ ಅಪ್ಪಣೆಯನ್ನೂ ಕೇಳದೆ ತೆಗೆದುಕೊಳ್ಳುವಂತೆ, ಗಣಕಯಂತ್ರವನ್ನೂ ಕಾರಣ ಹೇಳದೆ ಬಳಸುವಂತಾಗಬೇಕೆಂಬುದು ಅವರ ಸಂಕಲ್ಪ. ದೂರಮುದ್ರಕಗಳ ಮೂಲಕ ನೆರೆಯ ಪ್ರೌಢಶಾಲೆಗಳ ಮಕ್ಕಳೂ ಆ ಒಂದೇ ಯಂತ್ರವನ್ನು ಮುಟ್ಟತೊಡಗಿದರು. ಕ್ಲರ್ಕನ್‌ವೆಲ್ಲಿನ ಮುಕ್ತತೆಯು ಎಪ್ಪತ್ತು ವರ್ಷಗಳ ಮೇಲೆ ಗಣಕಕ್ಕೆ ಬಂದಿತ್ತು. ದೋಷಗಳೆಷ್ಟೇ ಇದ್ದರೂ ಈ ಎರಡೂ ಕಡೆಯ ಯಂತ್ರಗಳು ಬಹುಜನರಿಗೆಂದೇ ಹುಟ್ಟಿದವಾಗಿದ್ದುವು. ಬಂದವನನ್ನು ನೀನು ಯಾರೆಂದು ಕೇಳಿ, ಇದು ನಿನ್ನದು, ಅದು ಅವನದು ಎಂದು ಗೆರೆ ಎಳೆಯುವ ಸಂಸ್ಕಾರವು ಅವುಗಳ ಮೂಲದಲ್ಲಿಯೇ ಇತ್ತು.

ಆ ಸಂಸ್ಕಾರವು ಕಡಿದುಹೋದದ್ದು ಗಣಕಯಂತ್ರವು ಅಗ್ಗವಾದಾಗ. 1977ರ ಆಪಲ್ 2, 1981ರ ಐಬಿಎಂ ಪಿಸಿ — ಇವು ಒಬ್ಬ ಯಜಮಾನನಿಗಾಗಿ, ಅವನ ಮನೆಯ ಅಥವಾ ಕಚೇರಿಯ ಮೇಜಿಗಾಗಿ ರಚಿತವಾದುವು. ತನ್ನ ಮನೆಯ ಬೀರುವಿನ ಮುಂದೆ ನಿಂತ ಗೃಹಸ್ಥನನ್ನು ನೀನು ಯಾರೆಂದು ಬೀರು ಕೇಳಬೇಕಾಗಿಲ್ಲವಷ್ಟೆ. ಆದುದರಿಂದ ಆ ಯಂತ್ರಗಳೂ ಕೇಳಲಿಲ್ಲ. ಅದು ಅವುಗಳ ದೋಷವಲ್ಲ. ಅಂಥ ಬೀರುವನ್ನು ತಂದು ಛತ್ರದ ಪಡಸಾಲೆಯಲ್ಲಿ ಇಟ್ಟದ್ದೇ ದೋಷ. ಶಾಲೆಗಳೂ ಗ್ರಂಥಾಲಯಗಳೂ ಹಣದ ಅಭಾವದಿಂದ ಮಾಡಿದ್ದು ಇದನ್ನೇ.

ಫಲವು ತಡವಾಗಲಿಲ್ಲ. 1982ರಲ್ಲಿ ಪಿಟ್ಸ್‌ಬರ್ಗ್ ಸಮೀಪದ ಮೌಂಟ್ ಲೆಬನನ್ ಪ್ರೌಢಶಾಲೆಯ ಹದಿನೈದರ ಹುಡುಗ ರಿಚ್ ಸ್ಕ್ರೆಂಟಾ ಎಂಬಾತನು ಆಪಲ್ 2ಕ್ಕಾಗಿ ಎಲ್ಕ್ ಕ್ಲೋನರ್ ಎಂಬ ವೈರಸ್ಸನ್ನು ಬರೆದನು. ಅದು ಹರಡಿದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಹಂಚಿಕೆಯ ಯಂತ್ರದ ದೌರ್ಬಲ್ಯವೆಲ್ಲ ಅದರಲ್ಲಿ ಅಡಗಿದೆ. ಸೋಂಕಿದ ಫ್ಲಾಪಿಯಿಂದ ಒಬ್ಬ ವಿದ್ಯಾರ್ಥಿಯು ಯಂತ್ರವನ್ನು ಎಬ್ಬಿಸುವನು. ವೈರಸ್ಸು ಯಂತ್ರದ ಸ್ಮೃತಿಯಲ್ಲಿ ಕುಳಿತುಕೊಳ್ಳುವುದು. ಗಂಟೆ ಬಾರಿಸಿದೊಡನೆ ಆತನು ತನ್ನ ಫ್ಲಾಪಿಯನ್ನು ಕಿತ್ತುಕೊಂಡು, ಯಂತ್ರವನ್ನು ಆರಿಸದೆಯೇ ಎದ್ದು ಹೋಗುವನು. ಮುಂದಿನ ಪಾಠಕ್ಕೆ ಬಂದ ಹುಡುಗಿಯು ಉರಿಯುತ್ತಿರುವ ಯಂತ್ರಕ್ಕೆ ತನ್ನ ಶುದ್ಧವಾದ ಫ್ಲಾಪಿಯನ್ನು ತೂರುವಳು. ಹಿಂದಿನವನ ಪಿಡುಗು ಇವಳದಾಗುವುದು. ಐವತ್ತನೆಯ ಸಲ ಎಬ್ಬಿಸಿದಾಗ ಅದೊಂದು ಪದ್ಯವನ್ನು ತೆರೆಯ ಮೇಲೆ ತೋರಿಸುತ್ತಿತ್ತು, ಅಷ್ಟೆ. ಗುಂಡಿಯೊತ್ತಿ ಆರಿಸಿ ಮತ್ತೆ ಹೊತ್ತಿಸಿದ್ದರೆ ಆ ಸರಪಣಿಯು ಕಡಿಯುತ್ತಿತ್ತು. ಆದರೆ ಒಬ್ಬನು ಎದ್ದು ಇನ್ನೊಬ್ಬನು ಕೂರುವ ನಡುವಣ ಆ ಸಂಧಿಕಾಲಕ್ಕೆ ಒಡೆಯನಿರಲಿಲ್ಲ. ಕ್ಲರ್ಕನ್‌ವೆಲ್ಲಿನ ಕಿರುಬಾಗಿಲಿಗೆ ಸಮಾನವಾದ ಏನೊಂದೂ ಅಲ್ಲಿರಲಿಲ್ಲ.

1987ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಆದುದು ಇಷ್ಟು ನಿರಪಾಯಕರವಾಗಿರಲಿಲ್ಲ. ವಿದ್ಯಾರ್ಥಿಗಳಿಗೆ ಪುಸ್ತಕಗಳಂತೆಯೇ ಎರವಲು ಕೊಡುತ್ತಿದ್ದ ಫ್ಲಾಪಿಗಳು ಕೆಟ್ಟಿವೆಯೆಂದು ಒಂದರ ಮೇಲೊಂದು ಹಿಂದಕ್ಕೆ ಬರತೊಡಗಿದುವು. ಪರೀಕ್ಷಿಸಿದವರಿಗೆ, ಯಂತ್ರವನ್ನು ಎಬ್ಬಿಸುವುದಕ್ಕೆ ಅಗತ್ಯವಾದ ಮೂಲ ಕಡತದೊಳಗೇ ವೈರಸ್ಸೊಂದು ಹೊಕ್ಕಿರುವುದು ಕಂಡುಬಂತು. ಅದು ನಾಲ್ಕು ಫ್ಲಾಪಿಗಳಿಗೆ ತನ್ನನ್ನು ಹಂಚಿಕೊಂಡ ಮೇಲೆ, ತಾನಿದ್ದುದನ್ನು ನಾಶಮಾಡುತ್ತಿತ್ತು. ಪುಸ್ತಕವು ಕೈಯಿಂದ ಕೈಗೆ ಹೋದಂತೆ ಹಾಳೆ ಸವೆಯಬಹುದು. ಆದರೆ ಒಂದು ಪುಸ್ತಕದ ಹರಕು ಇನ್ನೊಂದಕ್ಕೆ ಹತ್ತುವುದನ್ನು ಗ್ರಂಥಪಾಲಕರು ಅಂದಿನವರೆಗೆ ಕಂಡಿರಲಿಲ್ಲ.

ನಮ್ಮ ದೇಶದ ಶಾಲೆಗಳಿಗೆ ಗಣಕವು ಬಂದುದು ಸುಮಾರು ಇದೇ ವರ್ಷಗಳಲ್ಲಿ. 1984-85ರಲ್ಲಿ ಭಾರತ ಸರ್ಕಾರವು ಕ್ಲಾಸ್ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, ರಾಜ್ಯ ಸರ್ಕಾರಗಳ ಮುಖಾಂತರ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಯಂತ್ರಗಳನ್ನು ಪ್ರೌಢಶಾಲೆಗಳಿಗೆ ಹಂಚಿತು. ಆ ಯಂತ್ರದ ಬಡತನವೇ ಅದಕ್ಕೆ ರಕ್ಷಾಕವಚವಾಗಿತ್ತೆನ್ನಬೇಕು: ಬೇಸಿಕ್ ಭಾಷೆಯು ಅಳಿಸಲಾಗದ ಬಿಲ್ಲೆಯಲ್ಲಿ ಕೆತ್ತಿದಂತಿದ್ದು, ಮಗುವು ಬರೆದುದೆಲ್ಲವೂ ವಿದ್ಯುತ್ತು ನಿಂತೊಡನೆ ಮಾಯವಾಗುತ್ತಿತ್ತು. ಬ್ರೌನ್ ಪದ್ಧತಿಯ ಟಿಕೆಟ್ಟಿನಂತೆ ಅದೂ ಮರೆಯಬಲ್ಲ ಯಂತ್ರವಾಗಿತ್ತು. ಬ್ರಿಟನ್ನಿನ ಶಾಲೆಗಳಲ್ಲಿ ಇದೇ ಯಂತ್ರಗಳನ್ನು ಇಕೋನೆಟ್ ಎಂಬ ತಂತಿಯಿಂದ ಪರಸ್ಪರ ಪೋಣಿಸಿದಾಗ ಕಥೆ ಬೇರೆಯಾಯಿತು. ಉಪಾಧ್ಯಾಯರು ಶಿಷ್ಯರ ಕೆಲಸವನ್ನು ನೋಡಲೆಂದು, ಇನ್ನೊಂದು ಯಂತ್ರದ ತೆರೆಯನ್ನು ತನ್ನಲ್ಲಿ ತೋರಿಸುವ, ಅದಕ್ಕೆ ಸಂದೇಶ ಕಳುಹಿಸುವ ಆಜ್ಞೆಗಳನ್ನು ಅದರಲ್ಲಿ ಇಟ್ಟಿದ್ದರು. ಆದರೆ ತಂತಿಗೆ ಗುರು ಯಾರು, ಶಿಷ್ಯರು ಯಾರು ಎಂಬ ಭೇದ ತಿಳಿಯದಾದುದರಿಂದ, ಎದುರಿನ ಯಂತ್ರಕ್ಕೆ ರಕ್ಷಣೆಯ ಆಜ್ಞೆ ಕೊಟ್ಟಿರದಿದ್ದಲ್ಲಿ, ಯಾವ ಹುಡುಗನಾದರೂ ಅವನ್ನು ಬಳಸಬಹುದಾಗಿತ್ತು.

ತೊಂಬತ್ತರ ದಶಕದಲ್ಲಿ ಅಂತರ್ಜಾಲವು ಹರಡಿತು. ಗಣಕಯಂತ್ರವನ್ನು ಕೊಳ್ಳಲಾರದವರಿಗೆ ಗ್ರಂಥಾಲಯವೇ ಅದರ ಹೆಬ್ಬಾಗಿಲಾಯಿತು. ಬಿಲ್ ಗೇಟ್ಸ್ ಅವರು 1997ರಲ್ಲಿ ಆರಂಭಿಸಿದ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದಲೇ ಅಮೆರಿಕದ ಸುಮಾರು 11,000 ಸಾರ್ವಜನಿಕ ಗ್ರಂಥಾಲಯಗಳಿಗೆ ಯಂತ್ರಗಳು ಬಂದುವು. ಆ ದಾನವು ದೊಡ್ಡದು. ಅದನ್ನು ಕಡಿಮೆಯಾಗಿ ಎಣಿಸುವುದು ಕೃತಘ್ನತೆಯಾದೀತು. ಆದರೆ ಆ ಕಾಲದ ಸಾಮಾನ್ಯ ಯಂತ್ರಗಳನ್ನು ಆಳುತ್ತಿದ್ದ ವಿಂಡೋಸ್ 95, ಎದುರಿಗೆ ಒಂದು ಪಾಸ್‌ವರ್ಡಿನ ಚೌಕವನ್ನು ತೋರಿಸಿ, ಪಕ್ಕದಲ್ಲಿದ್ದ ರದ್ದು ಮಾಡುವ ಗುಂಡಿಯನ್ನು ಒತ್ತಿದರೂ ಒಳಗೆ ಬಿಡುತ್ತಿತ್ತು. ಆ ಚೌಕವು ಬಾಗಿಲೆಂದು ಕಲ್ಪಿತವಾಗಿರಲಿಲ್ಲ. ಒಂದೇ ಮನೆಯ ಗಂಡ ಹೆಂಡಿರು, ಮಕ್ಕಳು ತಮ್ಮ ತಮ್ಮ ರುಚಿಯ ಚಿತ್ರವನ್ನೋ ಬಣ್ಣವನ್ನೋ ಇಟ್ಟುಕೊಳ್ಳಲೆಂದು ಮಾಡಿದ ಅನುಕೂಲವಾಗಿತ್ತು. ಮನೆಯ ಅನುಕೂಲವು ಬೀದಿಯ ರಕ್ಷಣೆಯಾಗಲಾರದು.

ಆಗ ಗ್ರಂಥಾಲಯಗಳೂ ಶಾಲೆಗಳೂ ಕೈಗೊಂಡ ಉಪಾಯವೇನು? ಸರಪಳಿ. ಪಟ್ಟಿಗಳನ್ನು ಮರೆಮಾಡಿದರು, ಮೌಸಿನ ಬಲಗುಂಡಿಯನ್ನು ನಿಷ್ಕ್ರಿಯಗೊಳಿಸಿದರು, ಕಡತವನ್ನು ಉಳಿಸಿಕೊಳ್ಳದಂತೆ, ಅಚ್ಚು ಹಾಕದಂತೆ, ಅಕ್ಷರವನ್ನು ದೊಡ್ಡದು ಮಾಡಿಕೊಳ್ಳದಂತೆ ಕಟ್ಟಿದರು. ಕಣ್ಣು ಮಂಜಾದ ವೃದ್ಧರು ಇದರಿಂದ ಕಷ್ಟಪಟ್ಟರೇ ವಿನಾ ಚುರುಕಾದ ಹುಡುಗರು ಅರ್ಧಗಂಟೆಯಲ್ಲಿ ಬೇರೆ ಹಾದಿಯನ್ನು ಕಂಡುಕೊಂಡರು. ಶಾಲೆಯ ಆಡಳಿತಗಳು ಇಂಥ ಹುಡುಗರನ್ನು ದುಷ್ಟರೆಂದು ಬಗೆದು ಶಿಕ್ಷಿಸಿದ್ದನ್ನು ನಾನು ಕಂಡಿದ್ದೇನೆ. ಅದು ನ್ಯಾಯವೆಂದು ನನಗೆ ಎಂದೂ ತೋರಿಲ್ಲ. ಬೀಗವಿಲ್ಲದ ಬಾಗಿಲನ್ನು ತಳ್ಳಿ ನೋಡುವುದು ಬಾಲ್ಯದ ಸ್ವಭಾವ. ತಳ್ಳಿದ್ದಕ್ಕೆ ಹುಡುಗನನ್ನು ಶಾಲೆಯಿಂದ ಹೊರಹಾಕಿ, ಬಾಗಿಲನ್ನು ಮಾತ್ರ ಹಾಗೆಯೇ ಬಿಟ್ಟವರನ್ನು ಯಾರೂ ಪ್ರಶ್ನಿಸಲಿಲ್ಲ.

ನಿಜವಾದ ಕಳ್ಳನು ಗದ್ದಲ ಮಾಡುವವನಲ್ಲ. 2003ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತರುಣನೊಬ್ಬನು ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡನು: ಸುಮಾರು ಎರಡು ವರ್ಷ ಕಾಲ ಅವನು ಹತ್ತಾರು ನಕಲು ಮಳಿಗೆಗಳ ಬಾಡಿಗೆ ಗಣಕಗಳಲ್ಲಿ, ಒತ್ತಿದ ಪ್ರತಿಯೊಂದು ಕೀಲಿಯನ್ನೂ ದಾಖಲಿಸುವ ತಂತ್ರಾಂಶವನ್ನು ಗುಟ್ಟಾಗಿ ಸ್ಥಾಪಿಸಿ, 450ಕ್ಕೂ ಹೆಚ್ಚು ಹೆಸರುಗಳನ್ನೂ ಪಾಸ್‌ವರ್ಡುಗಳನ್ನೂ ಕೂಡಿಹಾಕಿದ್ದನು. 2011ರಲ್ಲಿ ಇಂಗ್ಲೆಂಡಿನ ಚೆಷೈರಿನ ವಿಲ್ಮ್‌ಸ್ಲೊ ಮತ್ತು ಹ್ಯಾಂಡ್‌ಫೋರ್ತ್ ಗ್ರಂಥಾಲಯಗಳಲ್ಲಿ ಇದೇ ಕೆಲಸವನ್ನು ಮಾಡುವ ಸಣ್ಣ ಸಾಧನಗಳು ಯಂತ್ರಗಳ ಬೆನ್ನಿಗೆ ಸಿಕ್ಕಿಸಿದ್ದುದು ಪತ್ತೆಯಾಯಿತು. ಬೆರಳುದ್ದದ ಆ ತುಂಡನ್ನು ಕೀಲಿಮಣೆಯ ತಂತಿಗೂ ಯಂತ್ರಕ್ಕೂ ನಡುವೆ ಇಟ್ಟರೆ ಸಾಕು. ಯಂತ್ರದೊಳಗಣ ಯಾವ ಕಾವಲುಗಾರನಿಗೂ ಅದರ ಸುಳಿವು ಹತ್ತುವುದಿಲ್ಲ. ತಮ್ಮ ಮನೆಯಲ್ಲಿಯೇ ಯಂತ್ರವುಳ್ಳವರು ಗ್ರಂಥಾಲಯಕ್ಕೆ ಬಂದು ಬ್ಯಾಂಕಿನ ವ್ಯವಹಾರ ನಡೆಸುವುದಿಲ್ಲ. ಅಲ್ಲಿ ಕೂರುವವರು ಬೇರೆ ಗತಿಯಿಲ್ಲದವರು. ಲಾಭವೆಲ್ಲ ಕಳ್ಳನದು, ನಷ್ಟವೆಲ್ಲ ಬಡವರದು. ಈ ವಿಷಯವು ನನ್ನನ್ನು ಬಾಧಿಸುವುದು ಮುಖ್ಯವಾಗಿ ಇದರಿಂದಲೇ.

ಯಂತ್ರದ ಸ್ಮೃತಿಯು ಅಪಾಯವೆಂಬುದನ್ನು ಗ್ರಂಥಪಾಲಕರು ಮೊದಲು ಅರಿತದ್ದು ಕಳ್ಳರಿಂದಲ್ಲ, ಸರ್ಕಾರದಿಂದ. 2001ರಲ್ಲಿ ಅಮೆರಿಕವು ಅಂಗೀಕರಿಸಿದ ದೇಶಭಕ್ತಿಯ ಹೆಸರಿನ ಕಾಯಿದೆಯು ಗ್ರಂಥಾಲಯದ ದಾಖಲೆಗಳನ್ನೂ ತನಿಖೆಗಾರರು ಗುಪ್ತವಾಗಿ ಕೇಳಿ ಪಡೆಯುವಂತೆ ಮಾಡಿದಾಗ, ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ಗ್ರಂಥಾಲಯಗಳ ಸಿಬ್ಬಂದಿಯು ಗಣಕಯಂತ್ರ ಬಳಸುವವರು ಹೆಸರು ಬರೆಯುತ್ತಿದ್ದ ಹಾಳೆಗಳನ್ನು ಪ್ರತಿದಿನವೂ ಚೂರುಚೂರು ಮಾಡತೊಡಗಿತು. ಇಲ್ಲದುದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ ಎಂಬ ಈ ನ್ಯಾಯವು ಬ್ರೌನ್ ಪದ್ಧತಿಯ ಹಳೆಯ ನ್ಯಾಯವೇ. ಮೊದಲು ತಾನಾಗಿ ನಡೆಯುತ್ತಿದ್ದುದನ್ನು ಈಗ ಕೈಯಿಂದ ಮಾಡಬೇಕಾಗಿತ್ತು.

ಕಾಲಕ್ರಮದಲ್ಲಿ ಯಂತ್ರಕ್ಕೂ ಮರೆವನ್ನು ಕಲಿಸುವ ತಂತ್ರಾಂಶಗಳು ಬಂದುವು. ಡೀಪ್ ಫ್ರೀಜ್ ಮುಂತಾದುವುಗಳನ್ನು ಹಾಕಿದ ಯಂತ್ರದಲ್ಲಿ ಓದುಗನು ಬೇಕಾದುದನ್ನೆಲ್ಲ ಮಾಡಬಹುದು, ಕೆಡಿಸಲೂಬಹುದು. ಆರಿಸಿ ಹೊತ್ತಿಸಿದೊಡನೆ ಅದು ಮೊದಲಿನ ಸ್ಥಿತಿಗೆ ಮರಳುವುದು. ಒಳಗೆ ಸ್ವಾತಂತ್ರ್ಯ, ಸಂಧಿಯಲ್ಲಿ ಲೆಕ್ಕ: ಇದೇ ಆ ಕಿರುಬಾಗಿಲು. ಮೈಕ್ರೋಸಾಫ್ಟ್ ಸಂಸ್ಥೆಯೂ ಇಂಥದೊಂದನ್ನು 2005ರಿಂದ ಉಚಿತವಾಗಿ ಕೊಟ್ಟು, ಮುಂದೆ ಅದಕ್ಕೆ ಸ್ಟೆಡಿಸ್ಟೇಟ್ ಎಂದು ಹೆಸರಿಟ್ಟಿತು. ಆದರೆ ವಿಂಡೋಸ್ 7ಕ್ಕೆ ಅದನ್ನು ಹೊಂದಿಸದೆ, 2010ರ ಕೊನೆಗೆ ಹಿಂದಕ್ಕೆ ತೆಗೆದುಕೊಂಡಿತು. ಹಣವುಳ್ಳ ಗ್ರಂಥಾಲಯಗಳು ಬೇರೆಯದನ್ನು ಕೊಂಡುವು. ಆದರೆ ಯಂತ್ರಕ್ಕೆ ಮರೆವು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. 2017ರ ಜನವರಿಯಲ್ಲಿ ಸೇಂಟ್ ಲೂಯಿಸ್ ನಗರದ ಸಾರ್ವಜನಿಕ ಗ್ರಂಥಾಲಯದ ಸುಮಾರು 700 ಗಣಕಗಳನ್ನು ದುಷ್ಕರ್ಮಿಗಳು ಕಟ್ಟಿಹಾಕಿ 35,000 ಡಾಲರುಗಳ ಸುಲಿಗೆಯನ್ನು ಕೇಳಿದರು. ಗ್ರಂಥಾಲಯವು ಒಂದು ಕಾಸನ್ನೂ ಕೊಡದೆ, ಯಂತ್ರಗಳನ್ನು ಮೊದಲಿನಿಂದ ಸಜ್ಜುಮಾಡಿಕೊಂಡಿತು. ಪುಸ್ತಕಗಳ ಎರವಲು ಕೂಡ ಆ ದಿನಗಳಲ್ಲಿ ನಿಂತುಹೋಗಿತ್ತು.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದು, 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಕಣ್ಮುಚ್ಚಿದ್ದು ಬೆಂಗಳೂರಿನಲ್ಲಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು 1965ರದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂಬ ಚೆಲುವಾದ ಹೆಸರನ್ನು ಪಡೆದಿವೆ. ಅನೇಕ ಕಡೆ ಗಣಕಯಂತ್ರಗಳೂ ಬಂದಿವೆ. ಹಳ್ಳಿಯ ಹುಡುಗಿಯು ವಿದ್ಯಾರ್ಥಿವೇತನದ ಅರ್ಜಿಯನ್ನು ಅಲ್ಲಿ ತುಂಬುತ್ತಾಳೆ. ಇದನ್ನು ಕಂಡು ಸಂತೋಷಪಡದವನು ಪುಸ್ತಕವನ್ನು ಪ್ರೀತಿಸುವವನಲ್ಲ.

ಹೆಸರು ಬೇಡವಾದ ಒಂದು ಊರಿನ ಗ್ರಂಥಾಲಯದಲ್ಲಿ ಹಿಂದೊಮ್ಮೆ ನಾನು ಒಂದು ಲೇಖನವನ್ನು ಹುಡುಕಲು ಯಂತ್ರದ ಮುಂದೆ ಕುಳಿತಾಗ, ಡೌನ್‌ಲೋಡ್ ಆದ ಕಡತಗಳ ಸಾಲಿನಲ್ಲಿ ಅಪರಿಚಿತರ ಆಧಾರ್ ಪತ್ರಗಳು, ಜಾತಿ ಪ್ರಮಾಣಪತ್ರಗಳು, ಅಂಕಪಟ್ಟಿಗಳು, ಯಾರದೋ ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಎಲ್ಲವೂ ಬಿದ್ದಿದ್ದುವು. ಗ್ರಂಥಪಾಲಕಿಯನ್ನು ಕರೆದು ತೋರಿಸಿದೆನು. "ದಿನಾ ಸಂಜೆ ನಾನೇ ಕೂತು ಅಳಿಸ್ತೀನಿ ಸಾರ್," ಎಂದರಾಕೆ. "ಇವತ್ತಿಂದು ಇನ್ನೂ ಅಳಿಸಿಲ್ಲ. ಆದ್ರೆ ಹೋದ ತಿಂಗಳು ಹಂಗೇ ಅಳಿಸಿದ್ದಕ್ಕೆ ಒಬ್ಬ ಹುಡುಗ ಮಾರನೇ ದಿನ ಬಂದು, ಮೇಡಂ, ನಿನ್ನೆ ಇಟ್ಟಿದ್ದ ನನ್ನ ಫೈಲು ಎಲ್ಲಿ ಅಂತ ಅಳೋಕೇ ಶುರು ಮಾಡಿದ. ಅವನಿಗೆ ಇಟ್ಕೊಳ್ಳೋಕೆ ಬೇರೆ ಜಾಗ ಇಲ್ಲ ನೋಡಿ." ಮರೆವನ್ನು ಇಷ್ಟು ಹೊತ್ತು ಹೊಗಳಿದ ನನಗೆ ಈ ಹುಡುಗನ ಕಣ್ಣೀರಿಗೆ ಕೊಡಲು ಸಿದ್ಧವಾದ ಉತ್ತರವಿರಲಿಲ್ಲ.

ಆಕೆಗೆ ಇತ್ತು. ಮೇಜಿನ ಕೆಳಗಿನಿಂದ ಬ್ರೌನ್ ಪದ್ಧತಿಯ ಹಳೆಯ ಮರದ ತಟ್ಟೆಯೊಂದನ್ನು ಎತ್ತಿ ಮುಂದಿಟ್ಟರು. ಎರವಲಿನ ಕೆಲಸವೆಲ್ಲ ಗಣಕಕ್ಕೆ ಹೋದ ಮೇಲೆ ಮೂಲೆಗೆ ಬಿದ್ದಿದ್ದ ತಟ್ಟೆ. ಅದರಲ್ಲಿ ಹಳೆಯ ಟಿಕೆಟ್ಟಿನ ಚೀಲಗಳು ಸಾಲಾಗಿ ನಿಂತಿದ್ದುವು. ಒಂದೊಂದರೊಳಗೂ ಒಂದೊಂದು ಪೆನ್‌ಡ್ರೈವು, ಮೇಲೆ ಪೆನ್ಸಿಲಿನಲ್ಲಿ ಮಕ್ಕಳ ಹೆಸರು. ಅದನ್ನು ಯಂತ್ರಕ್ಕೆ ಚುಚ್ಚುವ ಮುನ್ನ ಪ್ರತಿಸಲವೂ ತಾವೇ ವೈರಸ್ಸಿಗಾಗಿ ಪರೀಕ್ಷಿಸುವುದಾಗಿಯೂ, ಪರೀಕ್ಷೆ ಮುಗಿಸಿ ಊರು ಬಿಡುವ ಮಕ್ಕಳು ತಮ್ಮದನ್ನು ಕೇಳಿ ಪಡೆದು ಹೋಗುವುದಾಗಿಯೂ ಹೇಳಿದರು. ಹಾಗೆ ಹೋದವರ ಹೆಸರನ್ನು ಉಜ್ಜಿ ಅಳಿಸಿದ ಚೀಲಗಳು ತಟ್ಟೆಯ ಹಿಂಬದಿಯಲ್ಲಿ ಖಾಲಿಯಾಗಿ ನಿಂತಿದ್ದುವು.